ಥಾಣೆ ಖಾಡಿಯ ಚಿತ್ರಕ್ಕೆ ಪಂಚಾಂಗವೇಕೆ ಬೇಕು?

ಮುಲುಂಡಿನಿಂದ ಐರೋಲಿ ಸೇತುವೆಯ ಮೇಲೆ ನವಿ ಮುಂಬಯಿಗೆ ಹೋಗುವವರಿಗೆ ಎರಡೂ ಬದಿಯಲ್ಲಿ ಥಾಣೆ ಖಾಡಿ, ಅಂದರೆ ನೆಲದೊಳಕ್ಕೆ ಚಾಚಿಕೊಂಡ ಸಮುದ್ರದ ತೋಳು, ಕಾಣುತ್ತದೆ. ಒಂದು ಬೆಳಿಗ್ಗೆ ಸೇತುವೆಯ ಕಂಬಗಳನ್ನು ಸುತ್ತುವರಿದು ತುಂಬಿ ನಿಂತಿದ್ದ ನೀರು, ವಾರ ಕಳೆದು ಅದೇ ಗಂಟೆಗೆ ಹೋದರೆ ಎಲ್ಲೋ ದೂರಕ್ಕೆ ಸರಿದು, ತನ್ನ ಜಾಗದಲ್ಲಿ ಕಂದು ಕೆಸರಿನ ದೊಡ್ಡ ಬಯಲನ್ನು ಬಿಟ್ಟಿರುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇದು ನೀರು ಇದ್ದ ದಿನ, ನೀರು ಇಲ್ಲದ ದಿನ ಎಂಬಷ್ಟೇ ವ್ಯತ್ಯಾಸ. ಜಲವರ್ಣದಲ್ಲಿ ಈ ಖಾಡಿಯನ್ನೇ ವರ್ಷಗಳಿಂದ ಚಿತ್ರಿಸುತ್ತ ಬಂದಿರುವ ನನಗೆ ಆ ವ್ಯತ್ಯಾಸವೇ ಕೆಲಸದ ತಿರುಳು. ಉಬ್ಬರವಿಳಿತದ ನೀರಿನ ಪಕ್ಕದಲ್ಲಿ ಕೂತು ಚಿತ್ರ ಬರೆಯುವವರು ಏನನ್ನು ನೋಡಲು ಕಲಿಯಬೇಕಾಗುತ್ತದೆ, ಆ ಕಲಿಕೆಗೂ ಖಾಡಿಯ ಸಂರಕ್ಷಣೆಗೂ ಏನು ಸಂಬಂಧ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಜಾಗದ ಪರಿಚಯ. ಮುಂಬಯಿ ಬಂದರಿನಿಂದ ಉತ್ತರಕ್ಕೆ ಚಾಚಿಕೊಂಡು, ಥಾಣೆಯ ಬಳಿ ಉಲ್ಹಾಸ್ ನದಿಯ ಕವಲನ್ನು ಸೇರುವ ಈ ಖಾಡಿಯ ಉದ್ದ ಸುಮಾರು 26 ಕಿಲೋಮೀಟರ್. ಪಶ್ಚಿಮ ದಡದಲ್ಲಿ ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗಗಳ ಉಪ್ಪಿನಾಗರಗಳಿವೆ, ಪೂರ್ವ ದಡದಲ್ಲಿ ಐರೋಲಿಯಿಂದ ವಾಶಿಯವರೆಗೆ ನವಿ ಮುಂಬಯಿಯ ವಸತಿಗಳಿವೆ. ಎರಡೂ ದಡಗಳ ಉದ್ದಕ್ಕೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ, ನಮ್ಮ ಕರಾವಳಿಯವರು ಕಾಂಡ್ಲಾ (ಮ್ಯಾಂಗ್ರೋವ್) ಎಂದು ಕರೆಯುವ ಮರಗಳ ಕಾಡಿದೆ. ಮರಾಠಿಯಲ್ಲಿ ಇದೇ ಕಾಡಿಗೆ ಕಾಂದಳವನ ಎನ್ನುತ್ತಾರೆ. ಕುಂದಾಪುರದ ಹೊಳೆಬದಿಯಲ್ಲಿ ಬೆಳೆದ ನನಗೆ, ಮುಂಬಯಿಗೆ ಬಂದ ಹೊಸದರಲ್ಲಿ ಸರಕಾರಿ ಫಲಕವೊಂದರ ಮೇಲೆ ಆ ಪದವನ್ನು ಓದಿದಾಗ ಊರಿನವರೊಬ್ಬರು ಎದುರು ಸಿಕ್ಕಷ್ಟು ಸಂತೋಷವಾಗಿತ್ತು.

ಮುಂಬಯಿಯಲ್ಲಿ ಕನ್ನಡಿಗರಿಗೂ ಚಿತ್ರಕಲೆಗೂ ಹಳೆಯ ನಂಟಿದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಇಲ್ಲಿನ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ಕಾಲ ಪಾಠ ಹೇಳಿ, 1996ರಲ್ಲಿ ತೀರಿಕೊಳ್ಳುವವರೆಗೂ ಈ ನಗರವನ್ನೇ ನೆಲೆಯಾಗಿಸಿಕೊಂಡಿದ್ದರು. 1857ರಲ್ಲಿ ಆರಂಭವಾದ ಆ ಶಾಲೆಯ ಪ್ರಭಾವದಿಂದ ಹೊರಾಂಗಣದಲ್ಲಿ ಕೂತು ಜಲವರ್ಣ ಬರೆಯುವ ಅಭ್ಯಾಸ ಈ ಊರಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೂ ಹಾಗೆ ಬರೆಯುವವರು ಹೆಚ್ಚಾಗಿ ಆರಿಸಿಕೊಳ್ಳುವುದು ಕಲ್ಲಿನ ಹಳೆಯ ಕಟ್ಟಡಗಳನ್ನು, ಬಂದರಿನ ದೋಣಿಗಳನ್ನು, ಮಳೆಗಾಲದ ಬೀದಿಗಳನ್ನು. ಕೆಸರನ್ನು ಚಿತ್ರವಸ್ತುವಾಗಿ ಆರಿಸಿಕೊಳ್ಳುವವರು ವಿರಳ, ಏಕೆಂದರೆ ಮೊದಲ ನೋಟಕ್ಕೆ ಅಲ್ಲಿ ಹಿಡಿಯಲು ಆಕಾರವೇ ಇಲ್ಲ.

ಆ ಆಕಾರವನ್ನು ಕೊಡುವುದು ಕಾಲ. ಮುಂಬಯಿಯ ಸಮುದ್ರ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಭರತದಿಂದ, ಅಂದರೆ ನೀರು ಪೂರ್ತಿ ಏರಿದ ಉಬ್ಬರದಿಂದ, ಮುಂದಿನ ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ ಹಿಡಿಯುವುದರಿಂದ, ಇಂದು ನೀರು ತುಂಬಿದ ಗಂಟೆಗೂ ನಾಳೆ ತುಂಬುವ ಗಂಟೆಗೂ ಐವತ್ತು ನಿಮಿಷಗಳಷ್ಟು ಅಂತರ ಬೀಳುತ್ತದೆ. ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಲ್ಲುವ ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ಎರಡರ ಸೆಳೆತವೂ ಕೂಡಿಕೊಂಡು ನೀರು ಅತಿ ಎತ್ತರಕ್ಕೆ ಏರುತ್ತದೆ, ಅಷ್ಟೇ ಆಳಕ್ಕೆ ಇಳಿಯುತ್ತದೆ. ಇಲ್ಲಿನ ಕೋಳಿ ಸಮುದಾಯದ ಮೀನುಗಾರರು ಇದನ್ನು ಉಧಾಣ ಎನ್ನುತ್ತಾರೆ. ಅಷ್ಟಮಿಯ ಆಚೀಚೆ ಸೂರ್ಯನ ಸೆಳೆತ ಚಂದ್ರನದಕ್ಕೆ ಅಡ್ಡವಾಗುವುದರಿಂದ ಏರಿಳಿತ ಸಣ್ಣದು, ಅದಕ್ಕೆ ಅವರ ಹೆಸರು ಭಾಂಗ್. ಉಧಾಣದ ದಿನಗಳಲ್ಲಿ ಮುಂಬಯಿಯ ಏರಿಳಿತದ ಅಂತರ ನಾಲ್ಕು ಮೀಟರನ್ನೂ ದಾಟುತ್ತದೆ. ಬಹುಪಾಲು ಸಮತಟ್ಟಾಗಿರುವ ಖಾಡಿಯ ತಳದಲ್ಲಿ ನಾಲ್ಕು ಮೀಟರ್ ನೀರು ಇಳಿದರೆ ಎಷ್ಟು ದೂರದ ನೆಲ ಬಯಲಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ಈ ಲೆಕ್ಕವನ್ನು ನನಗೆ ಹೇಳಿಕೊಟ್ಟವರು ಖಾಡಿಯಲ್ಲಿ ಬಲೆ ಹಾಕುವ ಹಿರಿಯರೊಬ್ಬರು. ಪಕ್ಷದ ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಭರತದ ಗಂಟೆ ಸಿಗುತ್ತದೆ ಎಂದು ಅವರು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿ ತೋರಿಸಿದ್ದರು. ಚೌತಿಯಾದರೆ ನಾಲ್ಕು ಮೂರಲೆ ಹನ್ನೆರಡು, ನಾಲ್ಕರಿಂದ ಭಾಗಿಸಿದರೆ ಮೂರು ಗಂಟೆ. ಅಷ್ಟಮಿಯಾದರೆ ಆರು ಗಂಟೆ. ಹುಣ್ಣಿಮೆಗೆ ಹದಿನೈದನ್ನು ಹಿಡಿದರೆ ಹನ್ನೊಂದೂಕಾಲು. ಇದು ಅಂದಾಜಿನ ಲೆಕ್ಕವೇ ಹೌದು, ಬಂದರಿನ ಮುದ್ರಿತ ಪಟ್ಟಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಆದರೆ ಮೊಬೈಲು ಬರುವ ಎಷ್ಟೋ ತಲೆಮಾರುಗಳ ಮುಂಚಿನಿಂದ ಕೊಂಕಣದ ದೋಣಿಗಳು ಇದರ ಮೇಲೆಯೇ ಹೊರಟು ಮರಳಿವೆ.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಚಿತ್ರಕಾರರಿಗೆ ಬಹಳ ಮುಖ್ಯವಾದ ಒಂದು ಸಂಗತಿ ಹೊಳೆಯುತ್ತದೆ. ಮುಂಬಯಿಯಲ್ಲಿ ಉಧಾಣದ ದೊಡ್ಡ ಭರತ ಯಾವಾಗಲೂ ನಡುಹಗಲು ಮತ್ತು ನಡುರಾತ್ರಿಯ ಹತ್ತಿರವೇ ಬರುತ್ತದೆ. ಹಾಗಿದ್ದ ಮೇಲೆ ಅತಿ ದೊಡ್ಡ ಇಳಿತ ಬರುವುದು ಅದರಿಂದ ಆರು ಗಂಟೆ ಆಚೀಚೆ, ಅಂದರೆ ಸೂರ್ಯ ಹುಟ್ಟುವ ಮತ್ತು ಮುಳುಗುವ ಹೊತ್ತಿಗೆ. ಕೆಸರಿನ ಬಯಲು ತನ್ನ ಪೂರ್ತಿ ವಿಸ್ತಾರದಲ್ಲಿ ತೆರೆದುಕೊಳ್ಳುವ ಗಳಿಗೆಯೂ ಬೆಳಕು ಅತ್ಯಂತ ಓರೆಯಾಗಿ, ಬಣ್ಣ ತುಂಬಿ ಬೀಳುವ ಗಳಿಗೆಯೂ ಈ ಊರಿನಲ್ಲಿ ತಿಂಗಳಿಗೆ ಎರಡು ಬಾರಿ, ಕೆಲವೇ ದಿನಗಳ ಮಟ್ಟಿಗೆ ಕೂಡಿಬರುತ್ತವೆ. ನನ್ನ ಗೋಡೆಯ ಮೇಲೆ ಪಂಚಾಂಗ ತೂಗುವುದು ಅದಕ್ಕಾಗಿ. ಭಾನುವಾರ ಬಿಡುವಿದೆಯೆಂದು ಅಷ್ಟಮಿಯ ಬೆಳಿಗ್ಗೆ ಹೋದವರಿಗೆ ಸಿಗುವುದು ತುಂಬಿದ, ಹೆಚ್ಚು ಏರದ, ಮಂಕಾದ ನೀರು.

ಬಯಲಾದ ಕೆಸರನ್ನು ಬರೆಯುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ನೀರಿನಲ್ಲಿ ತೇಲಿಬಂದ ಜೇಡಿಯ ಅತಿ ಸಣ್ಣ ಕಣಗಳು ಉಪ್ಪುನೀರನ್ನು ಸೇರಿದಾಗ ಒಂದಕ್ಕೊಂದು ಅಂಟಿಕೊಂಡು, ತೂಕ ಹೆಚ್ಚಿ, ನೀರು ನಿಧಾನವಾದಲ್ಲಿ ತಳ ಸೇರುತ್ತವೆ. ಕಾಂಡ್ಲಾದ ಬೇರುಗಳು ನೀರಿನ ಓಟವನ್ನು ಇನ್ನೂ ತಗ್ಗಿಸುವುದರಿಂದ ಅವುಗಳ ಬುಡದಲ್ಲಿ ಮಡ್ಡಿ ಬೇಗ ಕೂರುತ್ತದೆ. ಹಾಗೆ ಕೂತ ಕೆಸರಿನ ಮೇಲ್ಪದರ ಕಂದು ಹಸಿರು, ಏಕೆಂದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಯ ಜೀವಿಗಳು ಕೋಟಿಗಟ್ಟಲೆ ಹಾಸಿಕೊಂಡಿರುತ್ತವೆ. ಆ ಪದರದ ಕೆಳಗೆ ಗಾಳಿ ಹೋಗುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದೆ ಬದುಕುವಾಗ ಹುಟ್ಟುವ ಗಂಧಕದ ಅನಿಲವೇ ಖಾಡಿಯ ಕೊಳೆತ ಮೊಟ್ಟೆಯಂಥ ವಾಸನೆಗೆ ಕಾರಣ, ಅದು ಕಬ್ಬಿಣದೊಡನೆ ಕೂಡಿ ಕೆಳಪದರವನ್ನು ಕಪ್ಪಾಗಿಸುತ್ತದೆ. ನಗರದ ಚರಂಡಿನೀರು ಆ ವಾಸನೆಯನ್ನು ಹೆಚ್ಚಿಸುತ್ತದೆ ಎಂಬುದು ನಿಜ, ಆದರೆ ಚರಂಡಿಯಿಲ್ಲದ ಶುದ್ಧವಾದ ಖಾಡಿಯ ಕೆಸರೂ ಅದೇ ವಾಸನೆ ಬೀರುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ: ನಾತ ಬರುವ ಜಾಗವೆಂದರೆ ಹಾಳುಬಿದ್ದ ಜಾಗ, ಮಣ್ಣು ತುಂಬಿಸಿ ಉಪಯೋಗಕ್ಕೆ ತರಬೇಕಾದ ಜಾಗ ಎಂಬ ಮಾತನ್ನು ಈ ಊರಿನಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದೇನೆ.

ಬಣ್ಣದ ಮಟ್ಟಿಗೆ ಹೇಳುವುದಾದರೆ, ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಸೇರಿಸಿದಾಗ ಸಿಗುವ ಬೂದು ಬಣ್ಣದಿಂದ ಖಾಡಿಯ ಮುಕ್ಕಾಲು ಭಾಗವನ್ನು ಬರೆಯಬಹುದು. ಕಷ್ಟವಿರುವುದು ಬಣ್ಣದಲ್ಲಲ್ಲ, ಅಂಚಿನಲ್ಲಿ. ಜಲವರ್ಣದಲ್ಲಿ ಒಣಗಿದ ಕಾಗದದ ಮೇಲೆ ಕುಂಚ ಎಳೆದರೆ ಗೆರೆ ಚೂಪಾಗಿ ನಿಲ್ಲುತ್ತದೆ, ಒದ್ದೆಯ ಮೇಲೆ ಎಳೆದರೆ ಬಣ್ಣ ಹರಡಿ ಅಂಚು ಕರಗುತ್ತದೆ. ಹೊಸಬರು ಖಾಡಿಯನ್ನು ಬರೆಯುವಾಗ ನೀರಿಗೂ ನೆಲಕ್ಕೂ ನಡುವೆ ಚೂಪಾದ ಗೆರೆ ಎಳೆಯುತ್ತಾರೆ, ಆಗ ಚಿತ್ರ ಕೆರೆಯ ದಂಡೆಯಂತೆ ಕಾಣುತ್ತದೆ. ನಿಜವಾದ ಖಾಡಿಯಲ್ಲಿ ಆ ಗೆರೆಯೇ ಇಲ್ಲ. ಒದ್ದೆ ಕೆಸರು ಆಕಾಶವನ್ನು ನೀರಿನಷ್ಟೇ ಚೆನ್ನಾಗಿ ಪ್ರತಿಬಿಂಬಿಸುತ್ತದೆ, ತೆಳುನೀರು ಕೆಸರಿನ ಬಣ್ಣವನ್ನೇ ಹೊತ್ತಿರುತ್ತದೆ, ಮತ್ತು ಎರಡೂ ನೀವು ಕಾಗದ ಒದ್ದೆ ಮಾಡುವಷ್ಟರಲ್ಲಿ ಸ್ಥಳ ಬದಲಿಸಿರುತ್ತವೆ. ಇನ್ನೂ ಒಂದು ಗುರುತು ಹೇಳಬೇಕು. ತಿಳಿನೀರಿನ ಮೇಲೆ ನೆರಳು ಸರಿಯಾಗಿ ನಿಲ್ಲುವುದಿಲ್ಲ, ಮಡ್ಡಿ ತುಂಬಿದ ನೀರಿನ ಮೇಲೆ ನೆಲದ ಮೇಲೆ ಬಿದ್ದಂತೆಯೇ ಬೀಳುತ್ತದೆ. ಆದ್ದರಿಂದ ದೋಣಿಯ ನೆರಳು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ನೋಡಿ ಆ ಹೊತ್ತಿನ ನೀರಿನಲ್ಲಿ ಎಷ್ಟು ಮಣ್ಣಿದೆ ಎಂಬುದನ್ನು ಊಹಿಸಬಹುದು. ಮಳೆಗಾಲದಲ್ಲಿ ಬರೆದ ಹಾಳೆಗಳಲ್ಲಿ ನನ್ನ ನೆರಳುಗಳು ಬೇಸಿಗೆಯವಕ್ಕಿಂತ ದಟ್ಟವಾಗಿರುವುದಕ್ಕೆ ಇದೇ ಕಾರಣ.

ಈಗ ಕಾನೂನಿನ ಕಡೆಗೆ ಬರೋಣ. ಖಾಡಿಯನ್ನು ಉಳಿಸುವ ಕಾನೂನಿಗೆ ಎದುರಾದ ಕಷ್ಟವೂ ಅಂಚಿನದೇ. 1991ರಲ್ಲಿ ಮೊದಲು ಬಂದು, 2011 ಮತ್ತು 2019ರಲ್ಲಿ ಹೊಸ ರೂಪ ಪಡೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಉಧಾಣದ ಭರತದಲ್ಲಿ ನೀರು ನೆಲದ ಮೇಲೆ ಅತಿ ಹೆಚ್ಚು ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿ ಒಂದು ಗೆರೆಯನ್ನು ಕಲ್ಪಿಸಿ, ಅದನ್ನು ಭರತರೇಖೆ ಎಂದು ಹಿಡಿದು, ಅದರಿಂದ ಒಳಕ್ಕೂ ಹೊರಕ್ಕೂ ಅಳೆದು ಎಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ನಿರ್ಧರಿಸುತ್ತದೆ. ಕಾಂಡ್ಲಾ ಕಾಡು ಮತ್ತು ಜೀವ ತುಂಬಿದ ಕೆಸರು ಬಯಲು ಅತ್ಯಂತ ಕಟ್ಟುನಿಟ್ಟಾದ ಮೊದಲ ವಲಯಕ್ಕೆ ಸೇರುತ್ತವೆ. ಕಾಂಡ್ಲಾ ಸಾವಿರ ಚದರ ಮೀಟರಿಗಿಂತ ಹೆಚ್ಚಿದ್ದರೆ ಅದರ ಸುತ್ತ ಐವತ್ತು ಮೀಟರ್ ಜಾಗವನ್ನೂ ಬಿಡಬೇಕು. ಗೆರೆಯಿಲ್ಲದ ಜಾಗದಲ್ಲಿ ಕಾನೂನು ಗೆರೆ ಎಳೆಯಲೇಬೇಕು, ಇಲ್ಲದಿದ್ದರೆ ಯಾವುದನ್ನೂ ಕಾಯಲಾಗದು. ಆದರೆ ಒಂದು ಒಡ್ಡು ಕಟ್ಟಿ ಭರತದ ನೀರು ಒಳಬರದಂತೆ ತಡೆದರೆ, ಕೆಲವೇ ವರ್ಷಗಳಲ್ಲಿ ಒಳಗಿನ ಕಾಂಡ್ಲಾ ಒಣಗುತ್ತದೆ, ನೀರು ಬರದ ನೆಲ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ನೋಡಿದವರಿಗೆ ಅದು ಖಾಡಿಯಾಗಿತ್ತೆಂದು ನಂಬುವುದೇ ಕಷ್ಟ. ಏಳು ದ್ವೀಪಗಳ ನಡುವಿನ ನೀರನ್ನು ಒಡ್ಡುಗಳಿಂದ ತಡೆದು ಮಣ್ಣು ತುಂಬಿಯೇ ಹುಟ್ಟಿದ ನಗರದಲ್ಲಿ ಇದು ಹೊಸ ವಿದ್ಯೆಯೇನಲ್ಲ.

ಇದನ್ನು ತಡೆದದ್ದು ಬಹುಮಟ್ಟಿಗೆ ನ್ಯಾಯಾಲಯ. ನಾಗರಿಕ ಸಂಘಟನೆಯೊಂದರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟು 2005ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ಕಾಂಡ್ಲಾ ಕಡಿಯುವುದನ್ನು ನಿಲ್ಲಿಸಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಆ ಮಳೆ ಸಮುದ್ರದ ಭರತದೊಂದಿಗೆ ಸೇರಿ ನಗರ ಮುಳುಗಿದ ಜುಲೈ 26 ಆಗಿ ಮೂರು ತಿಂಗಳೂ ಕಳೆದಿರಲಿಲ್ಲ. ನೀರಿಗೆ ಹರಡಿಕೊಳ್ಳಲು ಜಾಗವಿಲ್ಲದಿದ್ದರೆ ಅದು ಮನೆಯೊಳಗೆ ಬರುತ್ತದೆ ಎಂಬುದನ್ನು ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. 2018ರ ಸೆಪ್ಟೆಂಬರಿನ ಅಂತಿಮ ತೀರ್ಪು, ಕಾಂಡ್ಲಾವನ್ನು ನಾಶಮಾಡುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕಿನ ಹಕ್ಕಿಗೇ ಧಕ್ಕೆ ತರುತ್ತದೆ ಎಂದು ಹೇಳಿತು. ಈ ನಡುವೆ 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಕಾಂಡ್ಲಾಕ್ಕೆಂದೇ ಪ್ರತ್ಯೇಕ ವಿಭಾಗ ಬಂತು, 2015ರಲ್ಲಿ ಖಾಡಿಯ 16.905 ಚದರ ಕಿಲೋಮೀಟರ್ ಭಾಗ ರಾಜಹಂಸಗಳ (ಫ್ಲೆಮಿಂಗೊ) ಅಭಯಾರಣ್ಯವಾಯಿತು, 2022ರಲ್ಲಿ ಅದರ ಸುತ್ತಲಿನ ಪ್ರದೇಶವೂ ಸೇರಿ ಖಾಡಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು.

ರಾಜಹಂಸಗಳ ವಿಷಯ ಬಂದಾಗ ನನ್ನ ತರಗತಿಯ ಮಕ್ಕಳು ಕೆಂಪು ಬಣ್ಣದ ಟ್ಯೂಬನ್ನು ಕೈಗೆತ್ತಿಕೊಳ್ಳುತ್ತಾರೆ. ಅವಸರ ಬೇಡವೆಂದು ಹೇಳುತ್ತೇನೆ. ಚಳಿಗಾಲದ ಆರಂಭದಿಂದ ಮೇ ತಿಂಗಳವರೆಗೆ ಖಾಡಿಯಲ್ಲಿರುವ ಈ ಹಕ್ಕಿಗಳಲ್ಲಿ ದೊಡ್ಡ ಜಾತಿ, ಸಣ್ಣ ಜಾತಿ ಎರಡೂ ಇವೆ, ಸಣ್ಣದರ ಸಂಖ್ಯೆ ಹೆಚ್ಚು. ಹುಟ್ಟುವಾಗ ಮರಿ ಬೂದು ಬಣ್ಣದ್ದು. ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು ಸೋಸಿ ತಿನ್ನುವ ಪಾಚಿಯಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ಮೈಸೇರಿ, ವರ್ಷಗಳು ಕಳೆದಂತೆ ಗರಿಗಳು ಗುಲಾಬಿಯಾಗುತ್ತವೆ. ಅಂದರೆ ಕೆಸರಿನ ಮೇಲಿನ ಆ ಕಂದು ಹಸಿರು ಪದರವನ್ನು ಚಿತ್ರದಲ್ಲಿ ಸರಿಯಾಗಿ ತೋರಿಸದೆ ಹಕ್ಕಿಯ ಗುಲಾಬಿಯನ್ನು ಬರೆದರೆ, ಕಾರಣವನ್ನು ಬಿಟ್ಟು ಪರಿಣಾಮವನ್ನಷ್ಟೇ ಬರೆದಂತೆ. ನಗರದ ಚರಂಡಿನೀರಿನ ಸಾರಜನಕ, ರಂಜಕಗಳಿಂದಲೇ ಆ ಪಾಚಿ ಹೆಚ್ಚುತ್ತದೆ ಎಂಬ ಕಹಿಯಾದ ಸಂಗತಿಯೂ ಇದರೊಳಗಿದೆ. ಒಂದು ಮಿತಿಯವರೆಗೆ ಹಕ್ಕಿಗೆ ಮೇವಾಗುವ ಅದೇ ಕೊಳೆ, ಮಿತಿ ಮೀರಿದರೆ ನೀರಿನ ಆಮ್ಲಜನಕವನ್ನು ಕಸಿದು ಮೀನನ್ನು ಕೊಲ್ಲುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಬಿಡಿಸಬೇಕು. ಸಂರಕ್ಷಣೆಯೆಂದರೆ ಖಾಲಿ ಕಂಡಲ್ಲೆಲ್ಲ ಕಾಂಡ್ಲಾ ನೆಡುವುದು ಎಂದು ಅನೇಕರು ನಂಬಿದ್ದಾರೆ. ರಾಜಹಂಸ ಮೇಯುವುದು ಮರಗಳ ನಡುವೆ ಅಲ್ಲ, ಬಯಲು ಕೆಸರಿನಲ್ಲಿ. ಮಡ್ಡಿ ತುಂಬಿ ತಳ ಎತ್ತರವಾದಂತೆ ಕಾಂಡ್ಲಾ ತಾನಾಗಿಯೇ ಬಯಲಿನೊಳಕ್ಕೆ ಮುಂದೊತ್ತಿ ಬರುತ್ತದೆ, ಅದರ ಮೇಲೆ ನಾವೂ ಸಸಿ ನೆಟ್ಟರೆ ಹಕ್ಕಿಯ ತಟ್ಟೆಯನ್ನೇ ಮುಚ್ಚಿದ ಹಾಗಾಗುತ್ತದೆ. ಹಾಗೆಯೇ ಭರತದಲ್ಲಿ ಬಯಲು ಮುಳುಗಿದಾಗ ಈ ಹಕ್ಕಿಗಳಿಗೆ ನಿಲ್ಲಲು ಬೇರೆ ತೆಳುನೀರು ಬೇಕು. ನೇರುಳ್‌ನ ಕೆರೆಗಳು, ಉರಣ್ ಬಳಿಯ ಪಾಣಜೆಯ ಜೌಗು, ಭಾಂಡುಪ್‌ನ ಹೊಂಡಗಳು ಆ ಹೊತ್ತಿನ ಆಸರೆ. ಖಾಡಿಯನ್ನು ಉಳಿಸಿ ಈ ಹೊಂಡಗಳಿಗೆ ನೀರು ಬರುವ ದಾರಿಯನ್ನು ಮುಚ್ಚಿದರೆ, ದಿನದ ಅರ್ಧ ಹೊತ್ತು ಹಕ್ಕಿಗೆ ಕಾಲೂರಲು ನೆಲೆಯೇ ಇರುವುದಿಲ್ಲ. ನಾನು ಒಂದೇ ಜಾಗದ ಚಿತ್ರವನ್ನು ಭರತಕ್ಕೊಂದು, ಇಳಿತಕ್ಕೊಂದು ಎಂದು ಜೋಡಿಯಾಗಿಯೇ ಬರೆದು ಜೋಡಿಯಾಗಿಯೇ ತೂಗುಹಾಕುವುದು ಇದನ್ನು ಮಾತಿಲ್ಲದೆ ತಿಳಿಸುವುದಕ್ಕಾಗಿ.

ಚಿತ್ರದಿಂದ ಸಂರಕ್ಷಣೆಗೆ ಏನು ಲಾಭ ಎಂದು ಕೇಳುವವರಿಗೆ, ಚಿತ್ರ ಮಾರಿ ಬಂದ ಹಣದ ಒಂದು ಪಾಲನ್ನು ಈ ಕೆಲಸಕ್ಕೆ ಕೊಡುವುದು ಇದ್ದೇ ಇದೆ, ಅದು ಸಣ್ಣ ಮಾತು. ದೊಡ್ಡದು ದಾಖಲೆ. ಭೂಮಿಯನ್ನು ಸುತ್ತುವ ಸಾಮಾನ್ಯ ಸಮೀಕ್ಷಾ ಉಪಗ್ರಹಗಳು ಒಂದು ಜಾಗದ ಮೇಲೆ ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ಗಂಟೆಗೆ, ಬೆಳಿಗ್ಗೆ ಹತ್ತರಿಂದ ಹನ್ನೊಂದರ ನಡುವೆ ಹಾದುಹೋಗುತ್ತವೆ. ಮೇಲೆ ಹೇಳಿದ ತಿಥಿಯ ಲೆಕ್ಕವನ್ನು ಇದಕ್ಕೆ ಹೊಂದಿಸಿ ನೋಡಿ. ಉಧಾಣದ ದಿನಗಳಲ್ಲಿ ಆ ಹೊತ್ತಿಗೆ ಮುಂಬಯಿಯಲ್ಲಿ ನೀರು ಏರಿಬಿಟ್ಟಿರುತ್ತದೆ, ಆ ಹೊತ್ತಿಗೆ ಇಳಿತ ಸಿಗುವ ದಿನಗಳಲ್ಲಿ ಭಾಂಗ್ ಇರುವುದರಿಂದ ಇಳಿತವೇ ಸಣ್ಣದು. ಹೀಗಾಗಿ ಅಮಾವಾಸ್ಯೆಯ ನಸುಕಿನಲ್ಲಿ ತೆರೆದುಕೊಳ್ಳುವ ಅತಿ ವಿಶಾಲವಾದ ಕೆಸರು ಬಯಲು ಅಂಥ ಉಪಗ್ರಹದ ಕಣ್ಣಿಗೆ ಬೀಳುವುದೇ ಇಲ್ಲ. ದಡದಲ್ಲಿ ಕೂತವರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ನನ್ನ ಪ್ರತಿ ಹಾಳೆಯ ಹಿಂದೆ ದಿನಾಂಕ, ಗಂಟೆ, ತಿಥಿ, ನಾನು ಕೂತ ಜಾಗ, ನೀರಿನ ಮಟ್ಟಕ್ಕೆ ಗುರುತಾದ ಕಂಬ ಅಥವಾ ಕಲ್ಲು, ಇಷ್ಟನ್ನೂ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.

ದಾಖಲೆಯೆಂದ ಮೇಲೆ ಪ್ರಾಮಾಣಿಕತೆಯ ಪ್ರಶ್ನೆ ಏಳುತ್ತದೆ. ಖಾಡಿಯ ನಡುವೆ ವಿದ್ಯುತ್ ತಂತಿಯ ಎತ್ತರದ ಗೋಪುರಗಳಿವೆ. ನನ್ನ ಮೊದಲ ವರ್ಷಗಳ ಚಿತ್ರಗಳಲ್ಲಿ ಅವು ಇಲ್ಲ, ಏಕೆಂದರೆ ನೋಟ ಕೆಡುತ್ತದೆಂದು ನಾನೇ ಬಿಟ್ಟಿದ್ದೆ. ಬೇರುಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳನ್ನೂ ಬಿಟ್ಟಿದ್ದೆ. ಆ ಚಿತ್ರಗಳು ಇಂದಿಗೂ ನೋಡಲು ಚೆನ್ನಾಗಿವೆ, ಆದರೆ ಅವುಗಳಿಂದ ಯಾರೂ ಏನನ್ನೂ ತಿಳಿಯಲಾರರು, ಮತ್ತು ಇಂಥ ಸುಂದರ ಖಾಡಿಗೆ ಕಾವಲೇಕೆ ಎಂಬ ಭಾವನೆಯನ್ನು ಅವು ಹುಟ್ಟಿಸಬಲ್ಲವು ಎಂಬುದು ನನಗೆ ನೋವಿನ ವಿಷಯ. ಈಗ ಗೋಪುರವೂ ಬರುತ್ತದೆ, ಚೀಲವೂ ಬರುತ್ತದೆ. ಕಾಂಡ್ಲಾದ ಉಸಿರುಬೇರುಗಳು ಪೆನ್ಸಿಲುಗಳನ್ನು ನೆಟ್ಟಂತೆ ಕೆಸರಿನಿಂದ ಮೇಲೆದ್ದು ಗಾಳಿ ಹೀರುತ್ತವೆ, ಚೀಲ ಅವನ್ನು ಮುಚ್ಚಿದರೆ ಮರ ಉಸಿರುಕಟ್ಟುತ್ತದೆ. ಚೀಲ ಎಲ್ಲಿ ಎಷ್ಟು ದಟ್ಟವಾಗಿದೆ ಎಂಬುದೂ ಆದ್ದರಿಂದ ಚಿತ್ರಕ್ಕೆ ಸೇರಬೇಕಾದ ಸಂಗತಿಯೇ.

ಹೊಸದಾಗಿ ಹೋಗುವವರಿಗೆ ಎರಡು ಮೂರು ವ್ಯವಹಾರದ ಮಾತುಗಳು. ಕೆಸರಿಗೆ ಇಳಿಯಬೇಡಿ. ನೋಡಲು ಗಟ್ಟಿಯಾಗಿದ್ದರೂ ತೊಡೆಯವರೆಗೆ ಹೂತುಹೋಗಬಹುದು, ಮೇಲಾಗಿ ಅದು ನಿವಟಿ ಎಂದು ಇಲ್ಲಿನವರು ಕರೆಯುವ, ರೆಕ್ಕೆಯೂರಿ ಕೆಸರಿನ ಮೇಲೆ ಜಿಗಿಯುವ ಮೀನಿನ ಮನೆ. ಕುಂಚ ತೊಳೆದ ನೀರನ್ನು ಖಾಡಿಗೆ ಚೆಲ್ಲದೆ ಬಾಟಲಿಯಲ್ಲಿ ವಾಪಸು ತನ್ನಿ, ಕ್ಯಾಡ್ಮಿಯಂ ಇರುವ ಬಣ್ಣಗಳು ಹಕ್ಕಿ ತಿನ್ನುವ ಪದರಕ್ಕೆ ಸೇರಬಾರದು. ನೀರಿನ ಕಡೆಯಿಂದ ದಡವನ್ನು ನೋಡಬೇಕೆಂದರೆ ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹೊರಡುತ್ತದೆ, ಅದರ ವೇಳೆ ಗಡಿಯಾರದ್ದಲ್ಲ, ಭರತದ್ದು. ದಡದಿಂದ ಬರೆಯುವವರು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಐದೂವರೆಗೆ ಕಾಗದ ಹಾಸಿ ಸಿದ್ಧರಿರಬೇಕು. ಮೊದಲ ಬಣ್ಣ ಆಕಾಶದ್ದು, ಅದು ಒದ್ದೆಯಿರುವಾಗಲೇ ಕೆಸರಿನ ಬಣ್ಣವನ್ನು ಕೆಳಗಿನಿಂದ ತಾಗಿಸಬೇಕು. ಏಳು ಗಂಟೆ ದಾಟುವ ಹೊತ್ತಿಗೆ ದೂರದ ಕಾಲುವೆಗಳಲ್ಲಿ ನೀರು ಮರಳಿ ಹರಿಯಲು ಶುರುವಾಗುತ್ತದೆ, ಮೇಯುತ್ತಿದ್ದ ಹಕ್ಕಿಗಳ ಸಾಲು ಅದರ ಮುಂದೆ ಮುಂದೆ ದಡದ ಕಡೆಗೆ ನಡೆದು ಬರುತ್ತದೆ.